ಮಾರಕ್ಕನ ನಾಲಿಗೆ, ಗಜನಿ ಮಣ್ಣು

ಕೈ ಕೆಸರಾದರೆ ಬಾಯಿ ಮೊಸರು ಎಂದು ಹಿರಿಯರು ಹೇಳಿಟ್ಟಿದ್ದಾರೆ. ಜಿಗಣಿಯ ಮಾರಕ್ಕನ ವಿಷಯದಲ್ಲಿ ಈ ಗಾದೆ ಅರ್ಧಕ್ಕೇ ನಿಂತುಬಿಟ್ಟಿತ್ತು. ಆಕೆಯ ಕೈಯೂ ಕೆಸರು, ಬಾಯಿಯೂ ಕೆಸರು. ಆಡಿಕೊಳ್ಳುವ ಮಾತಲ್ಲ ಇದು. ಹೊಸ ಮಣ್ಣು ಕಂಡರೆ ಒಂದು ಚಿಟಿಕೆ ನಾಲಿಗೆಯ ತುದಿಗೆ ಇಟ್ಟು, ಒಂದು ಕ್ಷಣ ಕಣ್ಣು ಮುಚ್ಚಿ, ಆಮೇಲೆ ಪಕ್ಕಕ್ಕೆ ತಿರುಗಿ ಉಗಿಯುವುದು ಆಕೆಯ ಅಭ್ಯಾಸ. ಬಸುರಿಯರು ಗೋಡೆಯ ಮಣ್ಣು ಕೆರೆದು ತಿನ್ನುತ್ತಾರಲ್ಲ, ಅಂಥ ಚಪಲವಲ್ಲ. ಅದು ಗಂಡನ ಮನೆಯಿಂದ ಬಂದ ವಿದ್ಯೆ.

ಗಂಡ ಮುನಿರಾಜುವಿನ ಮನೆಯವರು ತಲೆತಲಾಂತರದಿಂದ ಇಟ್ಟಿಗೆ ಸುಡುವವರು. ಮಾವ ಚಿಕ್ಕಬೈರಪ್ಪ ಕೆರೆಯ ಗೋಡುಮಣ್ಣನ್ನು ಗಾಡಿಗೆ ತುಂಬಿಸುವ ಮೊದಲು ಎರಡು ಪರೀಕ್ಷೆ ಮಾಡುತ್ತಿದ್ದ. ಒದ್ದೆ ಮಣ್ಣನ್ನು ಅಂಗೈಯಲ್ಲಿ ಹೊಸೆದು ಬತ್ತಿ ಮಾಡುವುದು, ಬತ್ತಿಯನ್ನು ಬಗ್ಗಿಸಿ ಬಳೆ ಮಾಡುವುದು. ಬಳೆ ಬಿರುಕು ಬಿಡದೆ ನಿಂತರೆ ಒಳ್ಳೆಯ ಜೇಡಿ. ಮುರಿದು ಬಿದ್ದರೆ ಮರಳು ಹೆಚ್ಚು. ಅದಾದ ಮೇಲೆ ಒಂದು ಚಿಟಿಕೆ ನಾಲಿಗೆಗೆ. ಉಪ್ಪೆನಿಸಿತೋ, ಆ ಮಣ್ಣು ಎಷ್ಟೇ ನುಣುಪಾಗಿದ್ದರೂ ಬೇಡ. ಸೌಳು ಮಣ್ಣಿನ ಇಟ್ಟಿಗೆ ಗೋಡೆಯಾದ ಮೇಲೆ ಬೆಳ್ಳಗೆ ಉಪ್ಪು ಕಕ್ಕುತ್ತದೆ, ಮನೆ ಕಟ್ಟಿಸಿದವನು ಬಾಗಿಲಿಗೆ ಬಂದು ಮೂರು ತಲೆಮಾರನ್ನು ಬೈದು ಹೋಗುತ್ತಾನೆ. ಈ ವಿದ್ಯೆಯನ್ನು ಚಿಕ್ಕಬೈರಪ್ಪ ತನ್ನ ಮಗನಿಗೂ ಕಲಿಸಲು ನೋಡಿದ. ಮುನಿರಾಜುವಿಗೆ ಮಣ್ಣಿನ ರುಚಿ ಹತ್ತಲಿಲ್ಲ, ಸ್ಟೇರಿಂಗಿನ ರುಚಿ ಹತ್ತಿತು. ಕಲಿತವಳು ಸೊಸೆ.

ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ಎಲ್ಲರೂ ಸಿಮೆಂಟ್ ಬ್ಲಾಕಿಗೆ ತಿರುಗಿಕೊಂಡರು. ಇಟ್ಟಿಗೆ ಗೂಡು ತಣ್ಣಗಾಯಿತು. ಮುನಿರಾಜು ಕಾರ್ಖಾನೆಯೊಂದರ ಬಸ್ಸು ಓಡಿಸಲು ಸೇರಿದ. ಮಾರಕ್ಕ ಜಿಗಣಿ ಕೈಗಾರಿಕಾ ಪ್ರದೇಶದಲ್ಲಿ ಹೊಸದಾಗಿ ಶುರುವಾಗಿದ್ದ ಒಂದು ಮಣ್ಣು ಪರೀಕ್ಷೆಯ ಲ್ಯಾಬಿಗೆ ಕಸ ಗುಡಿಸಲು ಸೇರಿದಳು. ಎಡಕ್ಕೂ ಬಲಕ್ಕೂ ಗ್ರಾನೈಟ್ ಕೊಯ್ಯುವ ಶೆಡ್ಡುಗಳು, ಬೆಳಗಿನಿಂದ ಸಂಜೆಯವರೆಗೆ ಗರಗಸದ ಕೂಗು, ಎಲ್ಲದರ ಮೇಲೂ ಕಲ್ಲಿನ ಬಿಳಿ ಧೂಳು. ಅಲ್ಲಿ ನೆಲ ಗುಡಿಸುವುದೆಂದರೆ ಬೆಳಗ್ಗೆ ಗುಡಿಸಿದ್ದನ್ನು ಮಧ್ಯಾಹ್ನ ಮತ್ತೆ ಗುಡಿಸುವುದು.

ಲ್ಯಾಬಿನ ಯಜಮಾನರು ಶ್ರೀಕಾಂತ್. ಮೂವತ್ತು ವರ್ಷ ಸರ್ಕಾರಿ ಮಣ್ಣು ಸರ್ವೆಯಲ್ಲಿ ಊರೂರು ಅಲೆದು, ನಿವೃತ್ತಿಯ ದುಡ್ಡನ್ನು ಈ ಲ್ಯಾಬಿಗೆ ಸುರಿದವರು. ಮಾರಕ್ಕ ಸೇರಿದ ನಾಲ್ಕನೆಯ ದಿನ ಅವರು ಮೇಜಿನ ಮುಂದೆ ಕೂತು ಒದ್ದೆ ಮಣ್ಣನ್ನು ಹೊಸೆಯುತ್ತಿದ್ದರು. ಪೊರಕೆ ಹಿಡಿದು ಹಾದುಹೋಗುತ್ತಿದ್ದ ಮಾರಕ್ಕನಿಗೆ ಬಾಯಿ ತಡೆಯಲಿಲ್ಲ.

"ಸಾರ್, ಅದು ಬಳೆ ಆಗಕಿಲ್ಲ. ಮರಳು ಜಾಸ್ತಿ ಐತೆ."

ಶ್ರೀಕಾಂತ್ ತಲೆಯೆತ್ತಿ ನೋಡಿದರು. ಬಗ್ಗಿಸಿದರು. ಬತ್ತಿ ಎರಡು ತುಂಡಾಯಿತು. ಅವರು ನಗಲಿಲ್ಲ, ಗದರಲಿಲ್ಲ. ಇನ್ನೂ ಐದು ಬಗೆಯ ಮಣ್ಣು ತಂದು ಸಾಲಾಗಿ ಇಟ್ಟು, "ಇವನ್ನೂ ನೋಡಿ ಹೇಳಿ" ಎಂದರು. ಐದರಲ್ಲಿ ಐದೂ ಸರಿಯಾಯಿತು. ಅಂದೇ ಪೊರಕೆ ಬೇರೊಬ್ಬರ ಕೈಗೆ ಹೋಯಿತು. ಬಂದ ಮಣ್ಣನ್ನು ನೆರಳಿನಲ್ಲಿ ಹರಡಿ ಒಣಗಿಸುವುದು, ಮರದ ಕೊಡತಿಯಿಂದ ಕುಟ್ಟುವುದು, ಜರಡಿ ಹಿಡಿಯುವುದು, ಪೊಟ್ಟಣ ಕಟ್ಟಿ ಒಳಗೊಂದು ಹೊರಗೊಂದು ಚೀಟಿ ಇಡುವುದು ಮಾರಕ್ಕನ ಕೆಲಸವಾಯಿತು. ಗೂಡು ಆರಿದ ದಿನ ಕೈಯಿಂದ ಹೋಯಿತು ಅಂದುಕೊಂಡಿದ್ದ ಮಣ್ಣು ಮತ್ತೆ ಕೈಗೆ ಬಂದಿತ್ತು. ಆ ಸಂಜೆ ಆಕೆ ಮನೆಗೆ ಹೋಗುವಾಗ ದಾರಿಯ ಮುನೇಶ್ವರನ ಕಲ್ಲಿಗೆ ಸುಮ್ಮನೆ ಒಮ್ಮೆ ಕೈ ಮುಗಿದಳು.

ಲ್ಯಾಬಿನ ಗೋಡೆಯ ಮೇಲೆ ಹತ್ತು ನಿಯಮಗಳ ಒಂದು ಫಲಕವಿತ್ತು. ಏಳನೆಯದು: ಇಲ್ಲಿರುವ ಯಾವುದನ್ನೂ ಬಾಯಿಗೆ ಇಡಕೂಡದು, ಮೀರಿದವರನ್ನು ಕೆಲಸದಿಂದ ತೆಗೆಯಲಾಗುವುದು. ಮಾರಕ್ಕ ಅಕ್ಷರ ಕೂಡಿಸಿ ಕೂಡಿಸಿ ಅದನ್ನು ಓದಿಕೊಂಡಿದ್ದಳು, ಓದಿ ಹೆದರಿದ್ದಳು. ಆದರೂ ಅಭ್ಯಾಸ ಬಿಡಲಿಲ್ಲ. ಯಾರೂ ಇಲ್ಲದಾಗ ಒಂದು ಚಿಟಿಕೆ. ಕಾರ್ಖಾನೆಗಳ ಕಡೆಯಿಂದ ಬಂದ ಮಣ್ಣನ್ನು ಮಾತ್ರ ನಾಲಿಗೆಗೆ ಮುಟ್ಟಿಸುತ್ತಿರಲಿಲ್ಲ, ವಾಸನೆಯಲ್ಲೇ ಅದರ ಜಾತಕ ತಿಳಿಯುತ್ತಿತ್ತು. ನಮ್ಮ ಆನೇಕಲ್ ಕಡೆಯ ಕೆಂಪು ಮಣ್ಣು ಚಪ್ಪೆ. ಕೋಲಾರದ ಕಡೆಯ ಕೆರೆಮಣ್ಣು ಸ್ವಲ್ಪ ಸೋಡದ ರುಚಿ. ಇದನ್ನೆಲ್ಲ ಹೇಳಿಕೊಳ್ಳಲು ಆಕೆಗೆ ಯಾರೂ ಇರಲಿಲ್ಲ. ಮುನಿರಾಜುವಿಗೆ ಹೇಳಿದರೆ, "ಮನೆಗೆ ಬಂದು ಸಾರಿನ ಉಪ್ಪು ನೋಡು" ಎನ್ನುತ್ತಿದ್ದ.

ಐದು ವರ್ಷ ಹೀಗೆ ಕಳೆಯಿತು. ನಡುವೆ ಲ್ಯಾಬಿಗೆ ಶ್ರೀರಂಜನಿ ಎಂಬ ಕೆಮಿಸ್ಟ್ ಬಂದಳು. ಅಪ್ಪ ಸರ್ಕಾರಿ ಕಾರ್ಖಾನೆಯಲ್ಲಿ ಸೈರನ್ನಿಗೆ ಸರಿಯಾಗಿ ಬದುಕಿದ ಮನುಷ್ಯ, ಮಗಳೂ ಹಾಗೆಯೇ. ಚಂದಾಪುರದಿಂದ ದಿನಾ ಬಸ್ಸಿಗೆ ಬಂದು, ಎಂಟೂ ಐವತ್ತಕ್ಕೆ ಬಿಳಿ ಕೋಟು ತೊಟ್ಟು ನಿಂತಿರುತ್ತಿದ್ದಳು. ಒಂದು ಅಂಕಿ ಅತ್ತಿತ್ತ ಆದರೂ ಊಟ ಬಿಟ್ಟು ಮತ್ತೆ ಅಳೆಯುವವಳು. ಒಳ್ಳೆಯ ಹುಡುಗಿ, ಮಾತು ಮಾತ್ರ ಕತ್ತರಿ. ಅವಳ ಮೊದಲಿನ ಲ್ಯಾಬಿನಲ್ಲಿ ಕೆಲಸದವನೊಬ್ಬ ಚೆಲ್ಲಿದ ಮಣ್ಣಿನ ಬದಲು ಹಿತ್ತಲಿನ ಮಣ್ಣು ತುಂಬಿಟ್ಟು, ಅದರ ಮೇಲೆ ವರದಿಯೂ ಹೋಗಿ, ದೊಡ್ಡ ಮರ್ಯಾದೆಗೇಡಾಗಿತ್ತಂತೆ. ಅಂದಿನಿಂದ ಅವಳು ಯಾರ ಕೈಯನ್ನೂ ಸುಲಭಕ್ಕೆ ನಂಬುತ್ತಿರಲಿಲ್ಲ.

ಎರಡು ಸಾವಿರದ ಒಂಬತ್ತರ ಜೂನ್ ಮೊದಲ ವಾರ, ಕುಮಟಾ ಕಡೆಯ ಒಬ್ಬ ರೈತ ಹನ್ನೆರಡು ಚೀಲ ಮಣ್ಣಿನೊಂದಿಗೆ ಲ್ಯಾಬಿನ ಬಾಗಿಲಿಗೆ ಬಂದಿಳಿದ. ಹೆಸರು ಗಣಪು ಗೌಡ. ಐವತ್ತರ ಆಸುಪಾಸು, ಬಿಸಿಲಿಗೆ ಬೆಂದ ಮೈ, ಹೆಗಲ ಮೇಲೊಂದು ಟವೆಲು. ಬಸ್ಸಿನವರು ಚೀಲಗಳ ವಾಸನೆಗೆ ಅವನನ್ನು ಹಿಂದಿನ ಸೀಟಿಗೆ ಅಟ್ಟಿದ್ದರಂತೆ.

"ನಮ್ಮದು ಗಜನಿ ಗದ್ದೆ" ಎಂದು ಅವನು ಶ್ರೀಕಾಂತರಿಗೆ ವಿವರಿಸಿದ. ಹೊಳೆ ಸಮುದ್ರ ಸೇರುವಲ್ಲಿನ ತಗ್ಗು ಬಯಲು. ಸಮುದ್ರ ಉಕ್ಕಿ ಭರತ ಬಂದಾಗ ಉಪ್ಪುನೀರು ಒಳಗೆ ನುಗ್ಗುತ್ತದೆ, ಇಳಿತಕ್ಕೆ ಹೊರಗೆ ಹೋಗುತ್ತದೆ. ಮಳೆಗಾಲದಲ್ಲಿ ಸಿಹಿನೀರು ತುಂಬಿದಾಗ ಒಂದು ಭತ್ತ, ಉಳಿದ ಕಾಲ ಸಿಗಡಿ, ಮೀನು. ಈಗ ಊರಿನ ಅರವತ್ತು ಮನೆಯವರು ಒಂದು ಸಂಘ ಮಾಡಿಕೊಂಡಿದ್ದಾರೆ. ಕಟ್ಟೆಯ ಹಲಗೆ ಬಾಗಿಲನ್ನು ಶಾಶ್ವತವಾಗಿ ಮುಚ್ಚಿ, ಉಪ್ಪುನೀರು ತಡೆದು, ಬಯಲನ್ನು ಒಣಗಿಸಿ, ವರ್ಷಕ್ಕೆ ಎರಡು ಬೆಳೆ ತೆಗೆಯುವ ಯೋಚನೆ. ಮಣ್ಣಿನ ವರದಿ ಬಂದ ಕೂಡಲೇ ಸಭೆ ಸೇರಿ ತೀರ್ಮಾನ.

"ಉಪ್ಪು ಒಂದು ಹೋದ್ರೆ ಸಾಕು ಮರಾಯ್ರೆ, ಬಂಗಾರದಂಥಾ ಮಣ್ಣು" ಎಂದ ಗಣಪು ಗೌಡ.

ಕೃಷಿ ಇಲಾಖೆಯವರು ಗದ್ದೆಯಲ್ಲೇ ಅಳೆದು ಬರೆದ ಹಾಳೆಯೂ ಜೊತೆಗಿತ್ತು. ಪಿಎಚ್ ಆರೂ ಮುಕ್ಕಾಲರ ಹತ್ತಿರ. ಪಿಎಚ್ ಏಳಿದ್ದರೆ ಮಣ್ಣು ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಅಂಕಿ ಕೆಳಗಿಳಿದಷ್ಟೂ ಹುಳಿ ಹೆಚ್ಚು. ಅಂದರೆ ಉಪ್ಪು ಬಿಟ್ಟರೆ ಈ ಮಣ್ಣಿಗೆ ಬೇರೆ ರೋಗವಿಲ್ಲ ಎಂದಾಯಿತು.

ಮಾರಕ್ಕ ಚೀಲ ಬಿಚ್ಚಿದಳು. ಕೊಳೆತ ಮೊಟ್ಟೆಯ ವಾಸನೆ ಗಪ್ಪನೆ ಮುಖಕ್ಕೆ ಹೊಡೆಯಿತು. ನೀಲಿ ಬೆರೆತ ಬೂದು ಬಣ್ಣದ, ಬೆಣ್ಣೆಯಂತೆ ಜಾರುವ ಜೇಡಿ. ಹೊಸೆದರೆ ಬಳೆಯಲ್ಲ, ಉಂಗುರವೇ ಆಗುತ್ತಿತ್ತು. ಶ್ರೀರಂಜನಿ ಬಣ್ಣದ ಚೌಕಗಳ ಪುಸ್ತಕ ತಂದು ಮಣ್ಣಿನ ಪಕ್ಕ ಹಿಡಿದು ಹೊಂದಿಸಿ ನೋಡಿ, ಬರೆದುಕೊಂಡು ಒಳಗೆ ಹೋದಳು. ಮಾರಕ್ಕ ಅತ್ತಿತ್ತ ನೋಡಿ ಒಂದು ಚಿಟಿಕೆ ಬಾಯಿಗಿಟ್ಟಳು. ಉಪ್ಪು, ಉಪ್ಪಿನಕಾಯಿ ಜಾಡಿಯ ತಳದ ಉಪ್ಪು. ಸಮುದ್ರವನ್ನು ಆಕೆ ಅಂದಿನವರೆಗೆ ಕಂಡಿರಲಿಲ್ಲ. ಇದೇ ಇರಬೇಕು ಸಮುದ್ರದ ರುಚಿ ಅಂದುಕೊಂಡು ಖುಷಿಪಟ್ಟಳು.

ಟ್ರೇಗಳು ಸಾಲಲಿಲ್ಲ. ಪ್ರತಿ ಚೀಲದಿಂದ ಬೇಕಾದಷ್ಟನ್ನು ಹರಡಿ, ಕೊನೆಯ ಚೀಲದಲ್ಲಿ ಮಿಕ್ಕಿದ್ದನ್ನು ಬಕೀಟಿಗೆ ಹಾಕಿ ಮೇಲೆ ನೀರು ಸುರಿದು ಹಿಂದಿನ ಕೋಣೆಯಲ್ಲಿಟ್ಟಳು. ಜೇಡಿಯನ್ನು ಅರೆಬರೆ ಒಣಗಲು ಬಿಡಬಾರದು, ಒಣಗಿಸಿದರೆ ಪೂರ್ತಿ, ಇಲ್ಲವಾದರೆ ನೀರಡಿ. ಇಟ್ಟಿಗೆಯವರ ಮನೆಯಲ್ಲಿ ಇದು ಮಕ್ಕಳಿಗೂ ಗೊತ್ತಿರುವ ಮಾತು.

ಆ ಜೂನ್ ಪೂರ್ತಿ ಜಿಗಣಿಯಲ್ಲಿ ಜಿನುಗು ಮಳೆ. ಮಣ್ಣು ಒಣಗಲು ಮೂರು ವಾರ ಹಿಡಿಯಿತು. ಎರಡನೆಯ ವಾರ ಮುಗಿಯುವ ಹೊತ್ತಿಗೆ ಮಾರಕ್ಕ ಟ್ರೇ ತಿರುವಿಹಾಕುವಾಗ ಒಂದು ವಿಚಿತ್ರ ಕಂಡಳು. ಬೂದು ಹೆಂಟೆಗಳ ಬಿರುಕಿನಲ್ಲಿ ತೆಳುಹಳದಿ ಕಲೆಗಳು, ಅರಿಸಿನದ ಪುಡಿ ಚೆಲ್ಲಿದ ಹಾಗೆ. ಮೊಟ್ಟೆಯ ವಾಸನೆ ಮಾಯ. ನಾಲಿಗೆಗೆ ಇಟ್ಟಳು, ಇಟ್ಟವಳೇ ಮುಖ ಕಿವುಚಿದಳು. ಹುಳಿ! ಹುಣಸೆಯ ಹುಳಿಯಲ್ಲ, ಕ್ಷೌರದಂಗಡಿಯ ಪಟಿಕ ನೆಕ್ಕಿದಾಗ ನಾಲಿಗೆ ಮುದುಡಿಕೊಳ್ಳುತ್ತದಲ್ಲ, ಅಂಥ ಒಗರು ಹುಳಿ. ಅದೇ ಚೀಲ, ಅದೇ ಮಣ್ಣು, ಆಕೆಯೇ ಹರಡಿದ್ದು. ಹದಿನೈದು ದಿನದಲ್ಲಿ ರುಚಿ ಬದಲಾಗುವ ಮಣ್ಣನ್ನು ಚಿಕ್ಕಬೈರಪ್ಪನೂ ಕಂಡಿರಲಾರ.

ಹೇಳಬೇಕು ಅನ್ನಿಸಿತು. ಶ್ರೀಕಾಂತರ ಕೋಣೆಯ ಬಾಗಿಲಿನವರೆಗೂ ಹೋದಳು. 'ನಿಮಗೆ ಹೇಗೆ ಗೊತ್ತಾಯಿತು?' ಎಂದು ಕೇಳಿದರೆ? ಗೋಡೆಯ ಮೇಲಿನ ಏಳನೆಯ ನಿಯಮ ಆಕೆಯನ್ನೇ ನೋಡುತ್ತಿತ್ತು. ಹಿಂತಿರುಗಿ ಬಂದು ಕೊಡತಿ ಹಿಡಿದಳು. ಒಂದು ದಿನ ಹೋಯಿತು, ಎರಡು ದಿನ ಹೋಯಿತು. ಎಂಟು ದಿನ ಆಕೆ ಬಾಯಿ ಮುಚ್ಚಿಕೊಂಡೇ ಇದ್ದಳು.

ಒಂಬತ್ತನೆಯ ದಿನ ಶ್ರೀರಂಜನಿ ಪಿಎಚ್ ಮೀಟರನ್ನು ಮಣ್ಣಿನ ನೀರಿಗೆ ಇಳಿಸಿದಳು. ಮೂರು ಪಾಯಿಂಟ್ ಒಂದು. ಮೀಟರ್ ಕೆಟ್ಟಿದೆ ಎಂದುಕೊಂಡು ಸರಿಮಾಡಿ ಮತ್ತೆ ಇಳಿಸಿದಳು. ಮೂರು ಪಾಯಿಂಟ್ ಒಂದು. ಹನ್ನೆರಡು ಪೊಟ್ಟಣಗಳದ್ದೂ ಹೆಚ್ಚುಕಡಿಮೆ ಅದೇ ಕಥೆ. ಅವಳ ಕಣ್ಣು ಪಕ್ಕದ ಟ್ರೇಗಳ ಮೇಲೆ ಹೋಯಿತು. ಅದೇ ವಾರ ಪೀಣ್ಯದ ಯಾವುದೋ ಎಲೆಕ್ಟ್ರೋಪ್ಲೇಟಿಂಗ್ ಶೆಡ್ಡಿನ ಹಿತ್ತಲಿನಿಂದ ಬಂದಿದ್ದ ಮಣ್ಣು ಅಲ್ಲಿ ಒಣಗುತ್ತಿತ್ತು. ಆ್ಯಸಿಡ್ ಕುಡಿದ ಮಣ್ಣು, ಅದೂ ಬೂದು ಬಣ್ಣ.

ಅವಳ ಮನಸ್ಸಿನಲ್ಲಿ ಹಳೆಯ ಲ್ಯಾಬು ಎದ್ದು ನಿಂತಿತು.

"ಮಾರಕ್ಕ, ಇಲ್ಲಿ ಬನ್ನಿ. ಸತ್ಯ ಹೇಳಿ. ಕುಮಟಾ ಸ್ಯಾಂಪಲ್ ಚೆಲ್ಲಿಬಿಟ್ರಾ?"

"ಇಲ್ಲ ಮೇಡಂ."

"ಚೆಲ್ಲಿದ್ರೆ ಚೆಲ್ಲಿದೆ ಅನ್ನಿ, ಯಾರೂ ಗಲ್ಲಿಗೆ ಹಾಕಲ್ಲ. ಚೆಲ್ಲಿ, ಗೊತ್ತಾಗ್ದೇ ಇರ್ಲಿ ಅಂತ ಪಕ್ಕದ ಪೀಣ್ಯ ಮಣ್ಣು ತುಂಬಿದೀರ. ಇದು ಕಳ್ಳಿ ಮಾಡೋ ಕೆಲಸ ಕಣ್ರೀ."

ಮಾರಕ್ಕ ಕೈಯಲ್ಲಿದ್ದ ಜರಡಿಯನ್ನು ಕೆಳಗಿಟ್ಟಳು. ಐದು ವರ್ಷದಲ್ಲಿ ಒಂದು ಚೀಟಿ ಅದಲುಬದಲಾಗಿರಲಿಲ್ಲ. ಕಳ್ಳಿ ಎಂಬ ಮಾತನ್ನು ಆಕೆ ಬದುಕಿನಲ್ಲೇ ಕೇಳಿರಲಿಲ್ಲ. "ನಾನು ಅಂಗೆ ಮಾಡೋಳಲ್ಲ ಮೇಡಂ" ಎಂದಷ್ಟೇ ಬಂತು ಬಾಯಿಂದ.

ಶ್ರೀರಂಜನಿಯ ಕಷ್ಟವೂ ಕಷ್ಟವೇ. ಮತ್ತೆ ಮಣ್ಣು ತರಿಸೋಣವೆಂದರೆ ಕರಾವಳಿಯಲ್ಲಿ ಮಳೆ ಹಿಡಿದು ಗದ್ದೆಗಳು ಮುಳುಗಿದ್ದವು. ಸಂಘದ ಸಭೆಗೆ ಒಂದೇ ವಾರ ಉಳಿದಿತ್ತು. ಗದ್ದೆಯಲ್ಲಿ ಅಳೆದ ಅಂಕಿಯನ್ನೇ ನಂಬಿ, 'ಸೌಳು ಜೇಡಿ, ಉಪ್ಪು ತೊಳೆದರೆ ಬೇಸಾಯಕ್ಕೆ ಯೋಗ್ಯ' ಎಂದು ವರದಿ ಬರೆದಿಟ್ಟಳು. ಮೈಸೂರಿಗೆ ಹೋಗಿದ್ದ ಶ್ರೀಕಾಂತರು ಮಾರನೆಯ ಬೆಳಗ್ಗೆ ಬಂದು ಸಹಿ ಹಾಕುವುದೊಂದೇ ಬಾಕಿ. ಮಾರಕ್ಕನ ವಿಷಯವನ್ನೂ ಅವರೇ ತೀರ್ಮಾನಿಸಲಿ ಎಂದಳು.

ಸಂಜೆ ಮನೆಯಲ್ಲಿ ಮಾರಕ್ಕ ನಡೆದದ್ದನ್ನೆಲ್ಲ ಗಂಡನಿಗೆ ಹೇಳಿದಳು. ರುಚಿ ನೋಡಿದ್ದನ್ನೂ ಹೇಳಿದಳು. ಮುನಿರಾಜು ಯೋಚಿಸಿ, ಬಸ್ಸಿನ ಡ್ರೈವರುಗಳು ಪೊಲೀಸರ ಮುಂದೆ ಬಳಸುವ ಬುದ್ಧಿಯನ್ನೇ ಹೇಳಿದ.

"ಚೆಲ್ಲಿದ್ದು ಔದು, ತಪ್ಪಾಯ್ತು ಅನ್ಬುಡು. ಅತ್ರೆ ಬಿಟ್ಬುಡ್ತಾರೆ. ಬಾಯ್ಗಿಟ್ಟೆ ಅಂದ್ಯೋ, ಮನೇಗ್ ಕಳಿಸ್ತಾರೆ."

ಮಾಡದ ತಪ್ಪನ್ನು ಒಪ್ಪಿಕೊಂಡರೆ ಕೆಲಸ ಉಳಿಯುತ್ತದೆ, ಮಾಡಿದ್ದನ್ನು ಹೇಳಿದರೆ ಕೆಲಸ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ಮಾರಕ್ಕ ಸೊಪ್ಪು ಸೋಸುತ್ತಾ ಅದನ್ನೇ ಯೋಚಿಸಿದಳು. ಕೆಲಸ ಬೇಕಿತ್ತು, ಬಹಳ ಬೇಕಿತ್ತು. ಆದರೆ ಕಳ್ಳಿಯಾಗಿ ಅದೇ ಟ್ರೇಗಳ ಮುಂದೆ ಹೇಗೆ ಕೂರುವುದು? ಇನ್ನೊಂದು ಯೋಚನೆಯೂ ಒಳಗಿನಿಂದ ಚುಚ್ಚುತ್ತಿತ್ತು. ಉಪ್ಪು ಹೋದರೆ ಬಂಗಾರ ಅಂದಿದ್ದ ಆ ಮನುಷ್ಯ. ಟ್ರೇಯಲ್ಲಿ ಒಣಗಿ ಹುಳಿಯಾದ ಮಣ್ಣು ಗದ್ದೆಯಲ್ಲಿ ಒಣಗಿದರೆ ಸುಮ್ಮನಿರುತ್ತದೆಯೇ?

ಬೆಳಗ್ಗೆ ಶ್ರೀಕಾಂತರು ಕುರ್ಚಿಯಲ್ಲಿ ಕೂರುವ ಮೊದಲೇ ಆಕೆ ಎದುರು ನಿಂತಿದ್ದಳು. ಶ್ರೀರಂಜನಿ ವರದಿ ಹಿಡಿದು ಪಕ್ಕದಲ್ಲಿದ್ದಳು.

"ಸಾರ್, ನಾನು ಮಣ್ಣು ಚೆಲ್ಲಿಲ್ಲ, ಬೇರೆ ತುಂಬಿಲ್ಲ. ಬೇರೆ ತಪ್ಪು ಮಾಡಿವ್ನಿ. ಮಣ್ಣ ಬಾಯ್ಗಿಟ್ಟು ನೋಡ್ತೀನಿ. ಇವತ್ತಲ್ಲ, ಐದು ವರ್ಸದಿಂದ."

ಶ್ರೀರಂಜನಿ ಬೆಚ್ಚಿಬಿದ್ದಳು. "ಬಾಯಿಗಾ? ಸಾರ್, ಇವರು..."

ಶ್ರೀಕಾಂತ್ ಕೈಯೆತ್ತಿ ತಡೆದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಏನು ರುಚಿ ಇತ್ತು?"

ಆ ಪ್ರಶ್ನೆಯ ಋಣವನ್ನು ಮಾರಕ್ಕ ಸಾಯುವವರೆಗೂ ತೀರಿಸಲಾರಳು. ಯಾಕೆ ಇಟ್ಟೆ ಎಂದು ಕೇಳಲಿಲ್ಲ, ಎಷ್ಟು ಧೈರ್ಯ ಎನ್ನಲಿಲ್ಲ. ಮಾವ ತೀರಿಕೊಂಡ ಮೇಲೆ ಆಕೆಯನ್ನು ಹಾಗೆ ಕೇಳಿದವರು ಅವರೊಬ್ಬರೇ.

"ಬಂದ ದಿನ ಉಪ್ಪು ಸಾರ್, ಬರೀ ಉಪ್ಪು. ಎರಡು ವಾರಕ್ಕೆ ಉಳಿ ಆಯ್ತು. ಪಟಿಕ ನೆಕ್ದಂಗೆ ನಾಲ್ಗೆ ಇಡ್ಕೊಳ್ತು. ಅಳ್ದಿ ಅಳ್ದಿ ಕಲೆನೂ ಬಂದೈತೆ."

"ಹಳದಿ ಕಲೆ?" ಶ್ರೀಕಾಂತ್ ಎದ್ದೇಬಿಟ್ಟರು. "ಒದ್ದೆ ಮಣ್ಣು ಸ್ವಲ್ಪನಾದ್ರೂ ಉಳಿದಿದೆಯಾ ಮಾರಕ್ಕ?"

"ಬಕೀಟಲ್ಲಿ ನೀರಾಕಿ ಮಡಗಿವ್ನಿ ಸಾರ್."

ಬಕೀಟು ಬಂತು. ನೀರು ಚೆಲ್ಲಿ ನೋಡಿದರೆ ಮಣ್ಣು ಮೊದಲ ದಿನದಂತೆಯೇ ನೀಲಿಬೂದು, ಅದೇ ಮೊಟ್ಟೆಯ ವಾಸನೆ. ಶ್ರೀಕಾಂತ್ ಮೀಟರನ್ನು ಶ್ರೀರಂಜನಿಯ ಕೈಗೇ ಕೊಟ್ಟರು. ಆರು ಪಾಯಿಂಟ್ ಆರು. ಆಮೇಲೆ ಆ ಮಣ್ಣಿನ ಒಂದು ಚಮಚಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಲು ಹೇಳಿದರು. ವಾರಗಟ್ಟಲೆ ಗಾಳಿ ಮಾಡುವ ಕೆಲಸವನ್ನು ಅದು ಗಳಿಗೆಯಲ್ಲಿ ಮಾಡುತ್ತದೆ. ಮಣ್ಣು ಹಾಲು ಉಕ್ಕಿದ ಹಾಗೆ ನೊರೆ ನೊರೆಯಾಗಿ ಉಕ್ಕಿತು, ಬೀಕರು ಬಿಸಿಯಾಯಿತು, ಸುಟ್ಟ ಬೆಂಕಿಕಡ್ಡಿಯ ಘಾಟು ಮೂಗಿಗೆ ಬಡಿಯಿತು. ನೊರೆ ಇಳಿದ ಮೇಲೆ ಶ್ರೀರಂಜನಿ ಮತ್ತೆ ಅಳೆದಳು. ಎರಡು ಪಾಯಿಂಟ್ ಒಂದು. ಅವಳು ಅಂಕಿಯನ್ನೇ ನೋಡುತ್ತಾ ನಿಂತುಬಿಟ್ಟಳು.

"ಕೇರಳದಲ್ಲಿ ಒಂದ್ಸಲ ನೋಡಿದ್ದೆ, ಅಷ್ಟೇ" ಎಂದರು ಶ್ರೀಕಾಂತ್. ಅವರ ದನಿಯಲ್ಲಿ ಸಣ್ಣ ಮಕ್ಕಳ ಸಂಭ್ರಮವಿತ್ತು. ಸಮುದ್ರದ ನೀರು, ಕೊಳೆತ ಬೇರುನಾರು, ಕೆಸರು ಮೂರೂ ಸೇರಿದ ಕಡೆ ಕಬ್ಬಿಣ ಮತ್ತು ಗಂಧಕ ಕೂಡಿದ ಒಂದು ಖನಿಜ ಹುಟ್ಟುತ್ತದೆ. ನೀರಡಿ ಇರುವವರೆಗೆ ಅದು ನಿದ್ದೆ ಮಾಡುತ್ತಿರುತ್ತದೆ. ನೀರು ತೆಗೆದು ಗಾಳಿ ತಾಗಿಸಿದರೆ ಎದ್ದು ಗಂಧಕಾಮ್ಲವಾಗುತ್ತದೆ. ಗದ್ದೆಯಲ್ಲಿ ಅಳೆದ ಅಂಕಿಯೂ ಸುಳ್ಳಲ್ಲ, ಲ್ಯಾಬಿನ ಅಂಕಿಯೂ ಸುಳ್ಳಲ್ಲ. ಮಣ್ಣು ಬಂದರೆ ಮೊದಲು ಒಣಗಿಸು ಎಂಬ ತಮ್ಮ ಲ್ಯಾಬಿನ ಪದ್ಧತಿಯೇ ಅದನ್ನು ಎಬ್ಬಿಸಿತ್ತು.

"ಅದಕ್ಕೇ ಶಾಸ್ತ್ರದಲ್ಲಿ ಇದಕ್ಕೆ ಎರಡು ಹೆಸರು. ಮಲಗಿರೋವಾಗ ಸಲ್ಫಾಕ್ವೆಂಟ್, ಎದ್ದು ಹುಳಿಯಾದ ಮೇಲೆ ಸಲ್ಫಾಕ್ವೆಪ್ಟ್."

"ಎಸ್ರು ನನ್ ನಾಲ್ಗೆಗೆ ತಿರುಗಕಿಲ್ಲ ಸಾರ್" ಎಂದಳು ಮಾರಕ್ಕ, ಕಣ್ಣೊರೆಸಿಕೊಳ್ಳುತ್ತಾ. "ರುಚಿ ತಿರುಗ್ತು."

ಶ್ರೀಕಾಂತ್ ಜೋರಾಗಿ ನಕ್ಕರು. ನಕ್ಕು ಮುಗಿದ ಮೇಲೆ ಗಂಭೀರವಾದರು. ಎಲ್ಲೆಲ್ಲಿಯ ವಿಷವೋ ಇಲ್ಲಿಗೆ ಬರುತ್ತದೆ, ಇನ್ನೊಂದು ಸಲ ಬಾಯಿಗಿಟ್ಟರೆ ನಿಜವಾಗಿಯೂ ಮನೆಗೆ ಕಳಿಸುತ್ತೇನೆ ಎಂದು ಗದರಿದರು. ಮಾರಕ್ಕ ತಲೆಯಾಡಿಸಿದಳು. ಈ ಸಲ ಮಾತು ಉಳಿಸಿಕೊಂಡಳು ಕೂಡ, ಅದು ಆಕೆಗೆ ಸುಲಭವಾಗಿರಲಿಲ್ಲ. ಕರಾವಳಿಯ ಮಣ್ಣು ಬಂದರೆ ಅರ್ಧವನ್ನು ನೀರಡಿಯಲ್ಲೇ ಇಟ್ಟು ಎರಡನ್ನೂ ಅಳೆಯಬೇಕು ಎಂಬ ಹೊಸ ಪದ್ಧತಿ ಅಂದೇ ಶುರುವಾಯಿತು. ಶ್ರೀರಂಜನಿ ತಾನು ಬರೆದಿದ್ದ ವರದಿಯನ್ನು ಹರಿದು ಹೊಸದು ಬರೆದಳು. 'ಈ ಮಣ್ಣನ್ನು ಯಾವ ಕಾರಣಕ್ಕೂ ಒಣಗಿಸಬಾರದು. ಬಾಗಿಲು ಮುಚ್ಚಬೇಡಿ.'

ಆದರೆ ಅವಳು ಮಾರಕ್ಕನಿಗೆ ಏನೂ ಹೇಳಲಿಲ್ಲ. ಹೇಳಲು ಬಾಯಿ ಬರಲಿಲ್ಲವೋ, ಬಿಳಿ ಕೋಟು ಅಡ್ಡ ಬಂತೋ. ಅಂದಿನಿಂದ ಟ್ರೇ ಎತ್ತಲು ತಾನೇ ಒಂದು ಕಡೆ ಕೈ ಕೊಡುತ್ತಿದ್ದಳು, ಕಣ್ಣು ಮಾತ್ರ ತಪ್ಪಿಸುತ್ತಿದ್ದಳು. ಮಾರಕ್ಕನೂ ಕೆದಕಲಿಲ್ಲ. ಕಳ್ಳಿ ಎಂಬ ಆ ಮಾತು ಇಬ್ಬರ ನಡುವೆ ಎರಡು ವರ್ಷ ಹಾಗೆಯೇ ಉಳಿಯಿತು.

ಎರಡು ಸಾವಿರದ ಹನ್ನೊಂದರ ಒಂದು ಬೆಳಗ್ಗೆ ಗಣಪು ಗೌಡ ಹೇಳದೆ ಕೇಳದೆ ಲ್ಯಾಬಿಗೆ ಬಂದ. ಈ ಸಲ ಮಣ್ಣಿನ ಚೀಲವಿಲ್ಲ, ಒಂದು ಚೀಲ ಗಜನಿಯ ಕೆಂಪಕ್ಕಿ, ಒಂದು ಡಬ್ಬಿ ಒಣಸಿಗಡಿ. ಕೂತು ನೀರು ಕುಡಿದು ಊರಿನ ಸುದ್ದಿ ಹೇಳಿದ. ಹೊಳೆಯ ಆಚೆ ದಂಡೆಯವರು ಯಾವ ವರದಿಗೂ ಕಾಯದೆ ಬಾಗಿಲು ಮುಚ್ಚಿ ಬಯಲು ಒಣಗಿಸಿದ್ದರು. ಮೊದಲ ಮಳೆಗೆ ಕಾಲುವೆಯ ನೀರು ತುಕ್ಕಿನ ಬಣ್ಣಕ್ಕೆ ತಿರುಗಿತು. ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ನಾಟಿ ಮಾಡಿದ ಸಸಿ ಹಿಡಿಹಿಡಿಯಾಗಿ ಸುಟ್ಟುಹೋಯಿತು. ಈಗ ಅಲ್ಲಿ ಭತ್ತವೂ ಇಲ್ಲ, ಸಿಗಡಿಯೂ ಇಲ್ಲ.

"ನಾವೂ ಮುಚ್ಚೂಕೆ ಹೊರಟವರೇ ಅಲ್ದಾ ಸಾರ್? ಹಲಗೆ ಸಹಿತ ತಂದಿಟ್ಟಿತ್ತು. ನಿಮ್ಮ ಕಾಗದ ಬಂತು, ನಿಂತ್ವಿ. ಅರವತ್ತು ಮನೆ ಉಳೀತು." ಅವನ ದನಿ ಒಡೆಯಿತು. "ಇದನ್ನ ಕಂಡುಹಿಡ್ದವರು ಯಾರು ಹೇಳಿ, ಒಮ್ಮೆ ನೋಡ್ಬೇಕು."

ಶ್ರೀಕಾಂತ್ ಒಳಗೆ ಕೂಗಿದರು. ಕುಟ್ಟುವ ಕೆಲಸದಲ್ಲಿದ್ದ ಮಾರಕ್ಕ ಕೊಡತಿ ಬಿಟ್ಟು ಹಾಗೆಯೇ ಬಂದಳು, ಮೊಣಕೈವರೆಗೂ ಮಣ್ಣು. ಇವರೇ ಎಂದು ಶ್ರೀಕಾಂತ್ ಕೈ ತೋರಿಸಿದ್ದೇ ತಡ, ಆ ಹಿರಿಯ ಮನುಷ್ಯ ಬಗ್ಗಿ ಆಕೆಯ ಕಾಲಿಗೆ ಕೈ ಚಾಚಿದ. ಮಾರಕ್ಕ ಹಾವು ತುಳಿದವಳಂತೆ ಹಿಂದಕ್ಕೆ ಹಾರಿದಳು.

"ಅಯ್ಯೋ ಬುಡಿ ಸಾಮಿ! ದೊಡ್ಡೋರು ನೀವು, ಇಂಗ್ ಮಾಡ್ಬಾರ್ದು!"

ಬಾಗಿಲ ಬಳಿ ಶ್ರೀರಂಜನಿ ನಿಂತಿದ್ದಳು. ಯಾವಾಗ ಬಂದಳೋ ಯಾರೂ ನೋಡಿರಲಿಲ್ಲ. ಅವಳ ಮುಖ ಕೆಂಪಾಗಿತ್ತು.

"ಗೌಡ್ರೇ, ನಿಮಗೆ ಒಂದು ವಿಷಯ ಗೊತ್ತಿರಬೇಕು" ಎಂದಳು. "ಅವತ್ತು ನಾನು ಇವರನ್ನ ಕಳ್ಳಿ ಅಂದೆ. ನಿಮ್ಮ ಮಣ್ಣು ಚೆಲ್ಲಿ ಬೇರೆ ತುಂಬಿದಾರೆ ಅಂದೆ. ಬಾಗಿಲು ಮುಚ್ಚಬಹುದು ಅಂತ ವರದಿನೂ ಬರೆದಿಟ್ಟಿದ್ದೆ. ಎರಡು ವರ್ಷ ಆಯ್ತು, ತಪ್ಪಾಯ್ತು ಅಂತ ಇವರಿಗೆ ಒಂದು ಮಾತು ಹೇಳಿಲ್ಲ." ಅವಳು ಮಾರಕ್ಕನ ಕಡೆ ತಿರುಗಿದಳು, ಈ ಸಲ ಕಣ್ಣು ತಪ್ಪಿಸಲಿಲ್ಲ. "ತಪ್ಪಾಯ್ತು ಮಾರಕ್ಕ."

ಮಾರಕ್ಕನ ಕಣ್ಣು ತುಂಬಿತು. ಈ ಮಾತಿಗಾಗಿ ಎರಡು ವರ್ಷ ಕಾದಿದ್ದಳು, ಸುಳ್ಳೇಕೆ. ಆದರೆ ಅದು ಬಂದಾಗ, ತಪ್ಪು ಒಪ್ಪಿಕೊಳ್ಳುವ ಸರದಿ ತನ್ನದೂ ಇದೆ ಎನಿಸಿತು.

"ಸಾಮಿ, ಇನ್ನೊಂದು ವಿಸ್ಯ ನಾನು ಏಳ್ತೀನಿ ಕೇಳಿ" ಎಂದಳು ಗಣಪು ಗೌಡನಿಗೆ. "ಆ ಮಣ್ಣು ಉಳಿ ಆಗೈತೆ ಅಂತ ನಂಗೆ ಎಂಟು ದಿನ ಮುಂಚೆನೇ ಗೊತ್ತಿತ್ತು. ಕೆಲ್ಸ ಓಯ್ತದೆ ಅಂತ ಎದ್ರಿ ಬಾಯಿ ಮುಚ್ಕೊಂಡಿದ್ದೆ. ಈ ಮೇಡಂ ನನ್ನ ಕಳ್ಳಿ ಅನ್ನದೆ ಇದ್ದಿದ್ರೆ ಇವತ್ತಿಗೂ ಬಾಯಿ ಬುಡ್ತಿರ್ಲಿಲ್ಲ. ನಿಮ್ ಗದ್ದೆ ಉಳಿಸಿದ್ದು ನನ್ ನಾಲ್ಗೆ ಅಲ್ಲ ಸಾಮಿ, ಇವ್ರು ಬೈದ್ರಲ್ಲ, ಆ ಮಾತು."

ಹಾಗೆಂದು ಮಾರಕ್ಕ ಮಣ್ಣಾದ ಎರಡೂ ಕೈಗಳನ್ನು ಜೋಡಿಸಿ ಶ್ರೀರಂಜನಿಗೆ ಮುಗಿದಳು.